ಹೊಳೆಯ ಕಡೆ ಬಿಟ್ಟ ಹೊಲಿಗೆ

ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಹೊಳೆದಂಡೆಗೆ ಹಾಸಿದ ಬಟ್ಟೆಯ ಟ್ಯೂಬು ಹರಿದದ್ದು ನಮ್ಮ ಕುರಿಗಳ ಗೊರಸಿನಿಂದ. ಸರಿ, ವಾದಕ್ಕೆ ಒಪ್ಪೋಣ. ಕುರಿ ನಡೆದದ್ದು ಟ್ಯೂಬಿನ ಬೆನ್ನ ಮೇಲೆ. ಬಿಚ್ಚಿಕೊಂಡದ್ದು ಹೊಳೆಯ ಕಡೆಯ ಹೊಲಿಗೆ, ಅದೂ ತೀರಾ ಬುಡದಲ್ಲಿ. ಯಾವ ಕುರಿ ತಲೆಕೆಳಗಾಗಿ ನಡೆಯುತ್ತದೆ?

ತುಂಗಭದ್ರೆ ದಂಡೆಯನ್ನು ಕೊರೆಯುತ್ತ ನಮ್ಮ ಹಿತ್ತಿಲವರೆಗೂ ಬಂದಿತ್ತು. ಅದನ್ನು ತಡೆಯಲು ದಪ್ಪ ಬಟ್ಟೆಯ ಉದ್ದನೆಯ ಟ್ಯೂಬುಗಳನ್ನು ದಂಡೆಗುಂಟ ಹಾಸಿ, ಹೊಳೆಯ ಮರಳನ್ನು ನೀರಿನ ಜೊತೆಗೇ ಪಂಪಿನಿಂದ ತುಂಬುವ ಕೆಲಸ ಶುರುವಾಯಿತು. ನೀರು ಬಟ್ಟೆಯಿಂದ ಬಸಿದುಹೋಗಬೇಕು, ಮರಳು ಒಳಗೇ ಕೂತು ಗಟ್ಟಿಯಾಗಬೇಕು. ಆದರೆ ಮರಳಿದ್ದದ್ದು ನಡುಹೊಳೆಯಲ್ಲಿ. ಪೈಪು ಅಲ್ಲಿಗೆ ಮುಟ್ಟಲಿಲ್ಲ. ಹಳ್ಳ ಬಂದು ಸೇರುವ ಮೂಲೆಯಲ್ಲಿ ಎರೆಮಣ್ಣಿನ ರಾಡಿ ಹತ್ತಿರವೇ ಸಿಕ್ಕಿತು. ಜೀವನವಿಡೀ ಎರೆಹೊಲಕ್ಕೆ ಬದು ಹಾಕಿದ ಹಿರಿಯರೂ, "ಎರಿ ಗಟ್ಟಿ, ಉಸುಕು ಜಾರ್ತೈತಿ, ಎರೀನ ತುಂಬ್ರಿ" ಅಂದರು. ಆ ಜಿಗುಟು ಎರೆಮಣ್ಣು ಬಟ್ಟೆಯ ಸಣ್ಣ ಕಣ್ಣುಗಳನ್ನೆಲ್ಲ ಮುಚ್ಚಿತು. ನೀರು ಒಳಗೇ ಸಿಕ್ಕಿಬಿತ್ತು. ಉಬ್ಬಿದ ಟ್ಯೂಬಿಗೆ ಮತ್ತೆ ತುಂಬಿದರು, ಹೊಲಿಗೆ ಬಿಟ್ಟಿತು. ಉಣ್ಣೆ ಕತ್ತರಿಸುವ ಮೊದಲು ಮೈ ತೊಳೆಯಲೆಂದು ಅಪ್ಪ ಕುರಿಗಳನ್ನು ಹೊಳೆಗಿಳಿಸಿದ್ದೂ ಅದೇ ದಿನ. ಕುರಿಗಳ ವಿರುದ್ಧ ಸಾಕ್ಷಿ ಇಷ್ಟೇ.

ಇದನ್ನೆಲ್ಲ ಕೆಲಸದ ಸೂಪರ್‌ವೈಸರನ ಮುಂದೆ ಬಿಡಿಸಿಟ್ಟೆ.

"ಏನಮ್ಮಾ, ಇದು ನೀ ಓದೋ ಆದೋನಿ ಕಾಲೇಜಿನ ಡಿಬೇಟ್ ಅನ್ಕೊಂಡ್ಯಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಸರಿ ಬಿಡು, ನೀ ಹೇಳಿದ್ದೇ ಖರೆ ಅನ್ನು. ಕುರಿಯಿಂದ ಹರೀತು ಅಂದ್ರ ಹೊಲಿಗಿ ಹಾಕಿ ಕೆಲ್ಸ ನಡಸ್ತೀನಿ. ಮಣ್ಣಿಂದ ಅಂದ್ರ ಮ್ಯಾಲಿನವರು ಕೆಲ್ಸ ನಿಲ್ಲಸ್ತಾರ. ಮುಂದಿನ ಮಳಿಗಾಲಕ್ಕ ಯಾರ ಮನಿ ಮೊದಲು ಹೋಗತೈತಿ?" ಎಂದ.

ದಂಡೆಯ ಮೊದಲ ಮನೆ ನಮ್ಮದು.

"ನಮ್ಮ ಕುರೀನೇ ರೀ, ತಪ್ಪಾತು," ಅಂದ ಪಕ್ಕದಲ್ಲೇ ನಿಂತಿದ್ದ ಅಪ್ಪ, ನನ್ನ ಕಡೆ ನೋಡದೆ.

ಅಂದಿನಿಂದ ಕುರಿಗಳಿಗೆ ಹೊಳೆಯ ದಾರಿ ಬಂದ್. ಮನೆಯ ಎರಡೂ ಪಕ್ಕ ಬೇರೆಯವರ ಹತ್ತಿ ಎದೆಮಟ್ಟ ನಿಂತಿದೆ, ಅವಕ್ಕೆ ಬೇರೆ ದಾರಿಯಿಲ್ಲ. ತೊಳೆಯದ ಉಣ್ಣೆ ಹೊತ್ತು ಅವು ದೊಡ್ಡಿಯಲ್ಲಿ ಒಂದರ ಮೇಲೊಂದು ಬಿದ್ದು ಅರಚುತ್ತವೆ. ಅವ್ವ ಕೊಡದಲ್ಲಿ ನೀರು ಹೊರುತ್ತಾಳೆ.

"ಅದೇ ರಾಡಿ ತುಂಬಿದ್ರ ಮನಿ ಹೆಂಗ ಉಳೀತೈತಿ ಅಪ್ಪಾ?" ಎಂದೆ.

"ಕೆಲ್ಸ ನಿಂತ್ರ ಹೆಂಗ ಉಳೀತೈತಿ?" ಅಂದ.

ನಾನು ಇನ್ನೊಂದು ಕೊಡ ಎತ್ತಿಕೊಂಡು ಅವ್ವನ ಹಿಂದೆ ನಡೆದೆ.

ಹೊಲಿಗೆ ಮುಗಿದ ದಿನ ಪೈಪನ್ನು ಮತ್ತೆ ಹಳ್ಳದ ಮೂಲೆಗೇ ಎಳೆದರು. ಸೂಪರ್‌ವೈಸರ್ ಪಂಪಿನ ಹತ್ತಿರ ನಿಂತಿದ್ದ. ಅಪ್ಪ ತಡೆಯುವ ಮೊದಲೇ ನಾನು ಕೇಳಿದ್ದೆ:

"ಅಣ್ಣಾ, ನಮ್ಮ ಕುರಿ ದೊಡ್ಡಿಯೊಳಗ ಅದಾವ. ಈ ಸಲ ಹೊಲಿಗಿ ಬಿಟ್ರ ಯಾರ ಮ್ಯಾಲ ಹಾಕ್ತೀರಿ?"