ಬೆನ್ನು ಮಾಡಿ ನಿಂತವಳು

ನಾನು ಜಗಳೂರಿನವಳು. ಯುದ್ಧದ ಕಾಲದಲ್ಲಿ ನನ್ನನ್ನು ಚನ್ನಗಿರಿಯ ಫೋಟೋ ಸ್ಟುಡಿಯೋದವರಿಗೆ ಕೊಟ್ಟು ಮದುವೆ ಮಾಡಿದರು. ಅವರಿಗೆ ಅದು ಎರಡನೆಯ ಸಂಬಂಧ. ಮೊದಲನೆಯಾಕೆ ತೀರಿಕೊಂಡು ಎರಡು ವರ್ಷವಾಗಿತ್ತು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಹೇಗೆ ಹೋದಳೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ಮದುವೆಯ ಫೋಟೋಗಳಿಂದ ನಮ್ಮ ಹೊಟ್ಟೆ ತುಂಬುತ್ತಿತ್ತು. ಯಜಮಾನರ ಮನಸ್ಸು ಮಾತ್ರ ಊರಿನ ಹೊರಗೇ ಇರುತ್ತಿತ್ತು. ದುರ್ಗದ ಕೋಟೆ, ಹೊನ್ನಾಳಿಯ ಹೊಳೆ, ಜೋಗ ಎಂದು ತಿರುಗಿ ಚಿತ್ರ ತೆಗೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಮಾರುತ್ತಿದ್ದರು. ಅಡಿಕೆ ಮಂಡಿಯವರು, ವಕೀಲರು ಕೊಂಡು ಪಡಸಾಲೆಯಲ್ಲಿ ತೂಗುಹಾಕುತ್ತಿದ್ದರು.

ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಸೂಳೆಕೆರೆಗೆ. ಕೊಡ ನೀರಿಗೆ ಬಾವಿಕಟ್ಟೆಯಲ್ಲಿ ಕಾದು ಬೆಳೆದವಳು ನಾನು. ಅಷ್ಟು ನೀರು ಕಂಡವಳೇ ಇಳಿದು ಹೋಗಿ ಬೊಗಸೆ ತುಂಬ ಕುಡಿದೆ. ಅವರು ಗಂಟಿನಿಂದ ಒಂದು ತಿಳಿನೀಲಿ ಸೀರೆ ತೆಗೆದು ಕೊಟ್ಟರು.

“ಇದನ್ನ ಉಟ್ಕೊಂಡು ಏರಿ ಮೇಲೆ ನಿಂತ್ಕೊ. ಚಿತ್ರದಾಗೆ ಬೆಳ್ಳಗೆ ಬರ್ತೈತೆ. ಒಬ್ಬರು ಮನುಷ್ಯರಿದ್ರೆ ಕೆರೆ ಎಷ್ಟು ದೊಡ್ಡದು ಅಂತ ನೋಡೋರಿಗೆ ಗೊತ್ತಾಗ್ತೈತೆ.”

“ಮುಖ ಯಾವ ಕಡೆ ಮಾಡ್ಲಿ?”

“ಮುಖ ಬ್ಯಾಡ. ನೀರು ನೋಡ್ತಾ ನಿಲ್ಲು. ನಾನು ಕೂಗೋತನಕ ಅಲುಗಾಡಬ್ಯಾಡ.”

ನಿಂತೆ. ಗಾಡಿಗಳು, ದನ, ಮೀನಿನ ಬುಟ್ಟಿ ಹೊತ್ತವರು ನನ್ನ ಬೆನ್ನ ಹಿಂದೆ ದಾಟಿ ಹೋದರು. ಕ್ಯಾಮೆರಾದ ಗಾಜಿನ ಪ್ಲೇಟು ತೊಳೆದು ನೋಡಿದರೆ ಅವರ್ಯಾರೂ ಇಲ್ಲ. ಕ್ಯಾಮೆರಾದ ಮುಚ್ಚಳ ಬಹಳ ಹೊತ್ತು ತೆಗೆದಿಟ್ಟರೆ ನಡೆದಾಡುವವರು ಅಳಿಸಿಹೋಗುತ್ತಾರೆ, ಕದಲದವರು ಮಾತ್ರ ಉಳಿಯುತ್ತಾರೆ ಎಂದರು ಯಜಮಾನರು. ಖಾಲಿ ಏರಿಯ ಮೇಲೆ ಬೆನ್ನು ಮಾಡಿ ನಿಂತ ಒಬ್ಬ ಹೆಂಗಸು. ಅದು ನಾನೆಂದು ನನಗೇ ಅನಿಸಲಿಲ್ಲ.

ಆ ಚಿತ್ರವನ್ನು ಸ್ಟುಡಿಯೋದಲ್ಲಿ ಜೋಗದ ಹಳೆಯ ಚಿತ್ರದ ಪಕ್ಕ ತೂಗುಹಾಕಿದರು. ಅದರಲ್ಲೂ ಬಂಡೆಯ ಮೇಲೆ ಬೆಳ್ಳನೆಯ ಸೀರೆಯ ಹೆಂಗಸು, ಹಾಗೇ ಬೆನ್ನು ಮಾಡಿ ನಿಂತಿದ್ದಳು. ಬಂದವರು, “ಎರಡರಾಗೂ ನೀವೇ ಏನ್ರೀ ಅಮ್ಮಾರೆ?” ಎನ್ನುತ್ತಿದ್ದರು. ಯಜಮಾನರು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ಸೀರೆ ಯಾರದೆಂದು ನನಗೆ ಅರ್ಥವಾಯಿತು. ಆಮೇಲೆ ಅದನ್ನು ಉಡುವಾಗಲೆಲ್ಲ, ಇನ್ನೊಬ್ಬರು ಈಗಷ್ಟೇ ಬಿಚ್ಚಿಟ್ಟ ಬಟ್ಟೆಯಂತೆ ಬೆಚ್ಚಗೆ ತಾಗುತ್ತಿತ್ತು.

ಮಾರನೆಯ ವರ್ಷ ಮಳೆ ಕಳೆದ ಮೇಲೆ ಜೋಗಕ್ಕೆ ಹೋದೆವು. ಅಲ್ಲಿ ಕಾಫಿ ಕಾಸಿ ಕೊಡುವ ಒಬ್ಬ ಮುದುಕಿ ಇದ್ದಳು. ಕಣ್ಣಿಗೆ ಪೊರೆ ಬಂದಿತ್ತು. ನಾನುಟ್ಟ ತಿಳಿನೀಲಿ ಸೀರೆ ಕಂಡವಳೇ ಹತ್ತಿರ ಬಂದು ಕೈ ಹಿಡಿದಳು.

“ಬಂದ್ರಾ ತಾಯಿ? ಹೋದ ಸಲ ಬಸುರಿ ಇದ್ರಿ. ಬಂಡೆ ಮೇಲೆ ನಿಲ್ಬೇಡಿ ಅಂದ್ರೂ ಕೇಳಲಿಲ್ಲ. ಏನು ಮಗು?”

ನಾನು ಅವಳಲ್ಲ ಎನ್ನಬೇಕಿತ್ತು. ಆ ಬೆಚ್ಚನೆಯ ಕೈಯೊಳಗಿಂದ ನನ್ನ ಕೈ ಬಿಡಿಸಿಕೊಳ್ಳಲಾಗಲಿಲ್ಲ.

“ಹೆಣ್ಣು,” ಎಂದೆ.

“ನಡೀತಾಳಾ?”

“ಓಡ್ತಾಳೆ.”

“ಕರ್ಕೊಂಡು ಬರಬೇಕಿತ್ತು!”

“ಮುಂದಿನ ಸಲ ಬರ್ತಾಳೆ.”

ಪಕ್ಕದಲ್ಲೇ ಕ್ಯಾಮೆರಾ ಹೂಡುತ್ತಿದ್ದ ಯಜಮಾನರು ಕರಿಬಟ್ಟೆಯೊಳಗೆ ತಲೆ ಹಾಕಿದವರು ಎಷ್ಟು ಹೊತ್ತಾದರೂ ಹೊರಗೆ ತೆಗೆಯಲಿಲ್ಲ. ನಾನೇ ಹೋಗಿ ಬಂಡೆಯ ಮೇಲೆ ನಿಂತೆ. ನೀರಿನ ಭೋರ್ಗರೆತಕ್ಕೆ ಬೇರೆ ಏನೂ ಕೇಳುತ್ತಿರಲಿಲ್ಲ. ಮಗ್ಗುಲಲ್ಲಿ ಯಾರೋ ನಿಂತು ನನ್ನ ಜೊತೆ ಕೆಳಗೆ ನೋಡುತ್ತಿದ್ದಾರೆ ಅನ್ನಿಸಿತು. ತಿರುಗಿದರೆ ಚಿತ್ರ ಕೆಡುತ್ತದೆಂದು ತಿರುಗಲಿಲ್ಲ. ಕೊನೆಗೆ ಯಜಮಾನರೇ ಬಂದು ಭುಜ ಮುಟ್ಟಿದರು. ಎಷ್ಟು ಸಲ ಕೂಗಿದ್ದರೋ ನನಗೆ ತಿಳಿಯದು.

ವಾಪಸು ಬರುವಾಗ ರೈಲಿನಲ್ಲಿ ಕೇಳಿದರು:

“ಹೆಣ್ಣು ಅಂತ ಯಾಕಂದೆ?”

“ಗೊತ್ತಿಲ್ರೀ. ಬಾಯಿಗೆ ಬಂತು.”

ಅವರು ಕಿಟಕಿಯ ಕಡೆ ತಿರುಗಿದರು. “ಹೆಣ್ಣೇ ಆಗಿತ್ತು. ಹೆರಿಗೆಯಾಗೆ ತಾಯಿ ಹೋದ ಮಾರನೇ ದಿನ ಅದೂ ಹೋತು.”

ಶಿವಮೊಗ್ಗ ಬರುವತನಕ ಆಕೆಯ ಬಗ್ಗೆ ಹೇಳಿದರು. ಮನೆಯಲ್ಲಿ ಕಾಲು ನಿಲ್ಲದ ಹೆಂಗಸಂತೆ. ನಿಲ್ಲುವ ಬಂಡೆಯನ್ನು ತಾನೇ ಆರಿಸುತ್ತಿದ್ದಳಂತೆ. “ಇತ್ತ ನೋಡು ಅಂದ್ರೆ, ನಾನು ಬಂದಿರೋದು ನೀರು ನೋಡಾಕೆ, ನಿಮ್ಮ ಪೆಟ್ಟಿಗೆ ನೋಡಾಕಲ್ಲ ಅಂತಿದ್ಳು,” ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಆವತ್ತೇ ಮೊದಲು ಕಂಡದ್ದು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಅವಳನ್ನು ನೋಡಬೇಕಿತ್ತು ಅನ್ನಿಸಿತು.

ಆಮೇಲೆ ನಾನು ಜೋಗಕ್ಕೆ ಹೋಗಲೊಲ್ಲೆ ಎಂದೆ. ಮಗು ಎಲ್ಲಿ ಎಂದು ಮುದುಕಿ ಕೇಳಿದರೆ ಏನು ಹೇಳಲಿ? ಅವರೂ ಬಲವಂತ ಮಾಡಲಿಲ್ಲ. ನನಗೆ ಗಂಡುಮಗು ಹುಟ್ಟಿದ ವರ್ಷ ಅವರೊಬ್ಬರೇ ಹೋಗಿ ಬಂದರು. ಊಟಕ್ಕೆ ಕೂತಾಗ, “ಮುದುಕಿ ಅದಾಳೆ. ಕೇಳಿದ್ಳು,” ಎಂದರು.

“ಏನಂದ್ರಿ?”

“ಸಾಲಿಗೆ ಹೋಗ್ತಾಳೆ ಅಂದೆ.”

ತೊಟ್ಟಿಲಲ್ಲಿ ಮಗ ಮಲಗಿದ್ದ. ನಾನು ಇನ್ನೊಂದು ರೊಟ್ಟಿ ಬಡಿಸಿದೆ.