ಬೀರೂರು ಬರುವುದರೊಳಗೆ ಹೇಳಿ

ಕಡೂರು, ತರೀಕೆರೆ, ಅಜ್ಜಂಪುರದ ತೆಂಗಿನ ತೋಟಗಳನ್ನೇ ಪ್ರಯೋಗಶಾಲೆಯಾಗಿಸಿಕೊಂಡು ಮೂರು ದಶಕಗಳ ಕಾಲ ಸಸ್ಯಶಾಸ್ತ್ರವನ್ನು ಬೋಧಿಸಿದ ಡಾ. ಮಲ್ಲಿಕಾಂಬ ಅವರು ತರೀಕೆರೆಯ ನಮ್ಮ ಕಾಲೇಜಿನಿಂದ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ತೆಂಗಿನ ನುಸಿ ಪೀಡೆಯ ಬಗ್ಗೆ ಈ ಸೀಮೆಯಲ್ಲಿ ಯಾರೇ ಅಧ್ಯಯನಕ್ಕೆ ತೊಡಗಲಿ, ಮೊದಲು ಹುಡುಕಿಕೊಂಡು ಹೋಗುವುದು ಅವರನ್ನೇ. ಅವರ ಸಹೋದ್ಯೋಗಿಯಾಗಿ, ಅದಕ್ಕೂ ಮಿಗಿಲಾಗಿ ಕಡೂರಿನಿಂದ ದಿನವೂ ಒಂದೇ ರೈಲಿನಲ್ಲಿ ಬಂದುಹೋದವನಾಗಿ, ಭೌತಶಾಸ್ತ್ರದ ಮೇಷ್ಟ್ರಾದ ನಾನು ಅವರ ಬಗ್ಗೆ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವಿಚಾರ ಸಂಕಿರಣಗಳಿಗೆ ನಾವು ಕಳುಹಿಸುತ್ತಿದ್ದ ಸಾರಾಂಶಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಭಾರತ ಕೃಷಿಪ್ರಧಾನ ದೇಶವೆಂದು ಶುರುವಾಗಿ, ಫಲಿತಾಂಶಗಳನ್ನು ಚರ್ಚಿಸಲಾಗುವುದು ಎಂದು ಮುಗಿದುಬಿಡುತ್ತಿದ್ದವು. ಸಿಕ್ಕಿದ್ದೇನು ಎಂಬುದು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಮೇಡಂ ಇದಕ್ಕೊಂದು ಕಟ್ಟಳೆ ಮಾಡಿದರು. ಸಾರಾಂಶ ಬರೆಯುವವರು ರೈಲು ಕಡೂರು ಬಿಟ್ಟು ಬೀರೂರು ಮುಟ್ಟುವುದರೊಳಗೆ ತಮ್ಮ ಕೆಲಸವನ್ನು ಬಾಯಲ್ಲಿ ಹೇಳಿ ಮುಗಿಸಬೇಕು. ಹಾಗೆ ಹೇಳಲಾರದವರು ಇನ್ನೂ ಬರೆಯುವಂತಿಲ್ಲ. ಬೀರೂರೋ ಕೂಗಳತೆಯಲ್ಲಿದೆ!

ಚೌಳಹಿರಿಯೂರಿನ ಕೋಮಲಾ ಎಂಬ ಹುಡುಗಿ ಮೇಡಂ ಬಳಿ ಪಿಎಚ್.ಡಿ. ಸಂಶೋಧನೆಗೆ ಸೇರಿದ್ದಳು. ನುಸಿಗೆಂದು ಮೇಡಂ ತಾವೇ ರೂಪಿಸಿದ ಸೊಪ್ಪಿನ ಕಷಾಯವೊಂದಿತ್ತು. ಸಖರಾಯಪಟ್ಟಣದ ಕಡೆ ರೈತರು ಅದನ್ನು ‘ಮೇಡಂ ಕಷಾಯ’ ಎಂದೇ ಕರೆಯುತ್ತಿದ್ದರು. ಅದನ್ನು ತೋಟಗಳಲ್ಲಿ ಪರೀಕ್ಷಿಸುವುದೇ ಕೋಮಲಾಳ ವಿಷಯ. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಮೈಸೂರಿನ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸದಿದ್ದರೆ ಅವಳ ಇಷ್ಟು ವರ್ಷದ ದುಡಿಮೆಗೆ ಪದವಿಯಿಲ್ಲ.

ಅಂದು ಬೆಳಿಗ್ಗೆ ಅವಳು ರೈಲಿನಲ್ಲಿ ಸಾರಾಂಶವನ್ನು ಓದಿದಳು. ಕೊನೆಯಲ್ಲಿ ಅದೇ ಹಳೆಯ ‘ಚರ್ಚಿಸಲಾಗುವುದು’.

“ಚರ್ಚೆ ಆಮೇಲಿರ್ಲಿ. ನುಸಿ ಹೋಯ್ತೋ ಇಲ್ವೋ?” ಎಂದರು ಮೇಡಂ.

ಕೋಮಲಾ ಕಿಟಕಿಯ ಕಡೆ ತಿರುಗಿದಳು. ಬೀರೂರು ಹತ್ತಿರವಾದಾಗ ಬಾಯಿಬಿಟ್ಟಳು. “ಇಲ್ಲ ಮೇಡಂ. ಕಷಾಯ ಹೊಡ್ದ ಮರಕ್ಕೂ ಹೊಡೀದೇ ಇದ್ದಿದ್ದಕ್ಕೂ ಏನೂ ವ್ಯತ್ಯಾಸ ಇಲ್ಲ. ಮತ್ತೆ ಮತ್ತೆ ನೋಡ್ದೆ.” ಗುರುವಿನ ಹೆಸರು ಹೊತ್ತ ಕಷಾಯವನ್ನೇ ಸುಳ್ಳೆಂದು ಬರೆದು, ಅದೇ ಗುರುವಿನ ಸಹಿ ಕೇಳುವುದು ಹೇಗೆ? ಎದುರಿಗೆ ಕೂತಿದ್ದ ನಾನು ಪೇಪರಿನ ಮರೆಯಲ್ಲಿ ಮುಖ ಮುಚ್ಚಿಕೊಂಡೆ.

ರೈಲು ಬೀರೂರಿನಲ್ಲಿ ನಿಂತು ಹೊರಟ ಮೇಲೆ ಮೇಡಂ ಮಾತಾಡಿದರು. “ಹಂಗಾದ್ರೆ ಅದನ್ನೇ ಮೊದಲು ಬರಿ ಕಣೇ. ಏನ್ ಹೊಡ್ದೆ, ಎಲ್ಲಿ ಹೊಡ್ದೆ, ಏನಾಯ್ತು. ರೈತರಿಗೆ ಹೇಳ್ಕೊಟ್ಟಿದ್ದು ನಾನು ಅಂತ್ಲೂ ಹಾಕು. ಇಲ್ದಿದ್ರೆ ಇದು ಯಾಕೆ ಮುಖ್ಯ ಅಂತ ಓದೋರಿಗೆ ಹೆಂಗ್ ಗೊತ್ತಾಗ್ಬೇಕು?”

“ನಿಮ್ಮ ಹೆಸರು ಬೇಡ ಮೇಡಂ.”

“ಬೇಡ ಅನ್ನೋಕೆ ನೀನ್ಯಾರೇ? ಕಷಾಯ ನಂದು!”

ಆ ಸಾರಾಂಶ ಆಯ್ಕೆಯಾಯಿತು. ಮೈಸೂರಿನಲ್ಲಿ ಕೋಮಲಾ ಮಂಡಿಸಿ ಮುಗಿಸಿದಾಗ ಹಿರಿಯರೊಬ್ಬರು ಕೊಂಕು ದನಿಯಲ್ಲಿ, “ಇದನ್ನ ನಿಮ್ಮ ಗೈಡ್ ಓದಿದಾರೇನಮ್ಮಾ?” ಎಂದು ಕೇಳಿದರು. ಹಿಂದಿನ ಸಾಲಿನಿಂದ ಮೇಡಂ ಎದ್ದು ನಿಂತರು. “ಓದಿದೀನಿ ಕಣ್ರೀ. ಮೊದಲ್ನೇ ಸಾಲು ಬರ್ಸಿದ್ದೇ ನಾನು.” ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿ ಕೂತಿದ್ದ ನನಗೆ ಎದೆಯುಬ್ಬಿತು.

ಆದರೆ ಚಪ್ಪಾಳೆಯಿಲ್ಲದ ಸಭೆ ಮುಂದಿತ್ತು. ಸಖರಾಯಪಟ್ಟಣದಲ್ಲಿ ರೈತರನ್ನು ಸೇರಿಸಿ ಮೇಡಂ ವಿಷಯ ತಿಳಿಸಿದಾಗ ಪಂಚಾಕ್ಷರಪ್ಪ ಎಂಬ ತೋಟದವರು ರೇಗಿಬಿಟ್ಟರು. “ಅಲ್ಲಾ ಮೇಡಂ, ಇಷ್ಟು ವರ್ಷ ಹೊಡೀರಿ ಹೊಡೀರಿ ಅಂದೋರು ನೀವೇ ಅಲ್ವಾ?”

“ನಾನೇ. ತಪ್ಪು ಹೇಳಿದ್ದೆ. ಕಂಡುಹಿಡ್ದೋಳು ಇವಳು, ನನ್ನ ಶಿಷ್ಯೆ” ಎಂದು ಮೇಡಂ ಕೋಮಲಾಳನ್ನು ಮುಂದಕ್ಕೆ ಕರೆದು ನಿಲ್ಲಿಸಿದರು. ಬಹುಮಾನ ಗೆದ್ದ ಮಗಳನ್ನು ನೆಂಟರಿಗೆ ತೋರಿಸುವ ತಾಯಿಯ ಮುಖ ಅದು.

ಇಂದು ಡಾ. ಕೋಮಲಾ ನುಸಿಗೆ ಬೇರೆ ದಾರಿ ಹುಡುಕುತ್ತಿದ್ದಾರೆ, ಮೇಡಂ ಆ ತಂಡದಲ್ಲಿ ದುಡಿಯಲು ಈಗಾಗಲೇ ಒಪ್ಪಿಕೊಂಡಿದ್ದಾರೆ. ಮಲ್ಲಿಕಾಂಬ ಮೇಡಂಗೆ ಆಯುರಾರೋಗ್ಯಗಳು ತುಂಬಿರಲಿ, ತೋಟ ಸುತ್ತುವ ಕಾಲಿನ ಕಸುವು ಕುಂದದಿರಲಿ. ಅವರ ಮಾತನ್ನು ತಪ್ಪೆಂದು ಅವರೆದುರಿಗೇ ಹೇಳಬಲ್ಲ ಶಿಷ್ಯರು ಅವರಿಗೆ ಇನ್ನೂ ಸಿಗಲಿ.