ಗೌಡ್ರ ಎಡಗೆನ್ನೆ

ಕಾಲೇಜ್ ಬಿಟ್ಟು ಜಕ್ಕೂರಿನ ಒಂದು ಸಲೂನ್ ಸೇರ್ಕೊಂಡೆ. ನಮ್ ಓನರ್ ಮೊದಲ್ನೇ ದಿನವೇ ಹೇಳ್ಬಿಟ್ರು: "ಬಲಗೆನ್ನೆಗೆ ಬಲಗೈ, ಎಡಗೆನ್ನೆಗೆ ಎಡಗೈ. ಕತ್ತಿ ಹಿಡ್ಕೊಂಡು ಕಸ್ಟಮರ್ ಮೂಗಿನ ಮೇಲೆ ಅಡ್ಡ ಹೋಗ್ಬಾರ್ದು." ಬಲೂನಿಗೆ ನೊರೆ ಬಳಿದು, ಕತ್ತೀಲಿ ಕೆರೆದು ಕೆರೆದು ಎಡಗೈ ಪಳಗಿಸ್ದೆ. ಒಡೆದ ಬಲೂನ್‌ಗಳ ವಿಷ್ಯ ಬೇಡ ಬಿಡಿ.

ನನ್ನ ಮೊದಲ್ನೇ ಕಸ್ಟಮರ್ ಬಾಗಲೂರು ಕಡೆಯ ಗೌಡ್ರು. ಬಲಗೆನ್ನೆ ಮುಗಿಸಿ ಕತ್ತಿ ಎಡಗೈಗೆ ತಗೊಂಡಿದ್ದೇ ತಡ, ನನ್ನ ಕೈ ಹಿಡ್ಕೊಂಡ್ಬಿಟ್ರು.

"ಲೇ, ಮಗನ್ಗೆ ಎಣ್ಣು ನೋಡಕ್ಕೆ ಒಂಟಿವ್ನಿ. ಮಖಕ್ಕೆ ಎಡಗೈ ಆಕ್ತೀಯಲ್ಲೋ!"

"ಗೌಡ್ರೇ, ಆ ಕಡೆಗೆ ನಂಗೆ ಬಲಗೈ ಬರಲ್ಲ."

"ಬರ್ದಿದ್ರೆ ಇಂಗೇ ಎದ್ದೋಯ್ತೀನಿ."

ಅರ್ಧ ಮುಖದಲ್ಲಿ ನೊರೆ ಇಟ್ಕೊಂಡು ಅವ್ರು ಹೋದ್ರೆ, ಅವ್ರ ಹಿಂದೇನೇ ನಾನೂ ಮನೆಗೆ ಹೋಗ್ಬೇಕು ಅಂತ ಓನರ್ ಕಣ್ಣಲ್ಲೇ ಹೇಳಿದ್ರು.

"ಆಯ್ತು ಗೌಡ್ರೇ, ಬಲಗೈಲೇ ಮಾಡ್ತೀನಿ. ಬೀಗರ ಮನೆಗೆ ಹೋಗ್ತಿದೀರ, ಕಣ್ಣ ಮೇಲೆ ಒಂದು ಬಿಸಿ ಟವೆಲ್ ಹಾಕ್ಲಾ? ಮುಖಕ್ಕೆ ಕಳೆ ಬರತ್ತೆ."

ಕಳೆ ಯಾರಿಗೆ ಬೇಡ? ಟವೆಲ್ ಕೆಳಗೆ ಗೌಡ್ರು ಗೊರಕೆ ಶುರು ಮಾಡಿದ್ರು. ನಾನು ಆರಾಮಾಗಿ ಎಡಗೈಲೇ ಮುಗಿಸ್ದೆ.

ಎದ್ದವ್ರೇ ಎರಡೂ ಕೆನ್ನೆ ಸವರ್ಕೊಂಡು, ಎಡಗೆನ್ನೆ ತಟ್ಟಿ ತೋರಿಸಿದ್ರು. "ನೋಡ್ದೇನ್ಲಾ, ಈ ಕಡೆನೇ ನುಣ್ಣಗೈತೆ. ಬಲಗೈ ಅಂದ್ರೆ ಬಲಗೈ ಕಣ್ಲಾ!"

"ಹೌದು ಗೌಡ್ರೇ," ಅಂದೆ.

ಸಂಬಂಧ ಕೂಡಿ ಬಂತು. ಮದುವೆ ದಿನ ಗಂಡಿಗೂ ನಾನೇ ಶೇವ್ ಮಾಡ್ಬೇಕಂತೆ, ನನ್ನ ಕೈಗುಣ ಒಳ್ಳೇದಂತೆ. ಯಾವ ಕೈ ಗುಣ ಅಂತ ನಾನೂ ಬಾಯಿ ಬಿಡ್ಲಿಲ್ಲ.